ಕಾಡಿಗೆ ಹಣ ಕಟ್ಟಿದವರು ಯಾರು? ಅಮೆರಿಕದ ಸ್ಟೇಟ್ ಪಾರ್ಕ್‌ಗಳ ಕಥೆ

ಅಮೆರಿಕದ ಕಾಡುಮೇಡುಗಳ ಮಾತು ಬಂದಾಗ ಮೊದಲು ನೆನಪಾಗುವುದು ಯೆಲ್ಲೋಸ್ಟೋನ್, ಯೊಸೆಮಿಟಿ, ಗ್ರ್ಯಾಂಡ್ ಕ್ಯಾನಿಯನ್‌ಗಳಂಥ ರಾಷ್ಟ್ರೀಯ ಉದ್ಯಾನಗಳು. ಆಯಾ ರಾಜ್ಯ ಸರ್ಕಾರಗಳು ನಡೆಸುವ ಸ್ಟೇಟ್ ಪಾರ್ಕ್‌ಗಳು ಅವುಗಳ ಎದುರು ಬಡ ದಾಯಾದಿಗಳಂತೆ ಕಾಣುತ್ತವೆ. ವಿಸ್ತೀರ್ಣದಲ್ಲಿ ಅದು ನಿಜವೇ: ರಾಷ್ಟ್ರೀಯ ಉದ್ಯಾನ ವ್ಯವಸ್ಥೆಯ ಕೈಯಲ್ಲಿ ಸುಮಾರು ಎಂಟೂವರೆ ಕೋಟಿ ಎಕರೆ ಇದ್ದರೆ, ಐವತ್ತು ರಾಜ್ಯಗಳ ಪಾರ್ಕ್‌ಗಳನ್ನೆಲ್ಲ ಕೂಡಿಸಿದರೂ ಎರಡು ಕೋಟಿ ಎಕರೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಜನ ಹೋಗುವುದು ಎಲ್ಲಿಗೆ ಎಂದು ಕೇಳಿದರೆ ಉತ್ತರ ತಿರುವುಮುರುವಾಗುತ್ತದೆ. ಸ್ಟೇಟ್ ಪಾರ್ಕ್‌ಗಳಿಗೆ ವರ್ಷವೊಂದಕ್ಕೆ ನಡೆಯುವ ಭೇಟಿಗಳ ಸಂಖ್ಯೆ ರಾಷ್ಟ್ರೀಯ ಉದ್ಯಾನಗಳ ಭೇಟಿಗಳಿಗಿಂತ ಎರಡು ಪಟ್ಟಿಗೂ ಹೆಚ್ಚು. ವಾರದ ಕೊನೆಯಲ್ಲಿ ಡೇರೆ ಹೂಡುವುದು, ಮಕ್ಕಳಿಗೆ ಗಾಳ ಹಾಕುವುದನ್ನು ಕಲಿಸುವುದು, ಜೀವನದಲ್ಲಿ ಮೊದಲ ಸಲ ಕಾಡಿನ ಜಿಂಕೆಯನ್ನು ಹತ್ತಿರದಿಂದ ನೋಡುವುದು, ಇವೆಲ್ಲ ಬಹುಪಾಲು ನಡೆಯುವುದು ಇಲ್ಲಿಯೇ.

ಈ ಪಾರ್ಕ್‌ಗಳ ಚರಿತ್ರೆಯನ್ನು ಓದುತ್ತ, ಅವುಗಳಲ್ಲಿ ಕೆಲವನ್ನು ಸುತ್ತುತ್ತ ನನಗೆ ಕ್ರಮೇಣ ಮನದಟ್ಟಾದ ಸಂಗತಿಯೊಂದಿದೆ. ಪ್ರಕೃತಿ ಪ್ರೇಮದ ಭಾಷಣಗಳಿಂದ ಈ ಚರಿತ್ರೆ ಅಷ್ಟಾಗಿ ಅರ್ಥವಾಗುವುದಿಲ್ಲ. ಹಣ ಯಾರದು ಎಂಬ ಒಣ ಪ್ರಶ್ನೆಯನ್ನು ಕೇಳಿದರೆ ಮಾತ್ರ ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತದೆ. ಯಾರ ಹಣದಿಂದ ನೆಲವನ್ನು ಕೊಂಡರೋ, ಯಾರ ಹಣದಿಂದ ನಡೆಸಿದರೋ, ಅವರ ಇಷ್ಟಾನಿಷ್ಟಗಳು ಅಲ್ಲಿನ ದಾರಿ, ಕಟ್ಟಡ, ಕೊನೆಗೆ ಪ್ರಾಣಿಗಳ ಮೇಲೂ ಅಚ್ಚೊತ್ತಿ ನಿಂತಿವೆ.

ಯೊಸೆಮಿಟಿಯೇ ಮೊದಲಿಗೆ ರಾಜ್ಯದ ಸೊತ್ತಾಗಿತ್ತು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಅಂತರ್ಯುದ್ಧ ಇನ್ನೂ ಉರಿಯುತ್ತಿದ್ದ 1864ರ ಜೂನ್ 30ರಂದು ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಕಾಯಿದೆಯೊಂದು ಯೊಸೆಮಿಟಿ ಕಣಿವೆಯನ್ನೂ ಮರಿಪೋಸಾದ ಹೆಮ್ಮರಗಳ ತೋಪನ್ನೂ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಒಪ್ಪಿಸಿತು. ಸಾರ್ವಜನಿಕರ ಬಳಕೆಗೆ, ವಿಶ್ರಾಂತಿಗೆ ಮೀಸಲಾಗಿಡಬೇಕು, ಎಂದೆಂದಿಗೂ ಪರಭಾರೆ ಮಾಡಕೂಡದು ಎಂಬುದು ಷರತ್ತು. ಕೇಂದ್ರ ಷರತ್ತನ್ನು ಕೊಟ್ಟಿತೇ ಹೊರತು ಹಣ ಕೊಡಲಿಲ್ಲ. ಎಂಟು ವರ್ಷಗಳ ಬಳಿಕ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾದದ್ದಕ್ಕೆ ಒಂದು ಕಾರಣವೂ ಸರಳವಾದದ್ದು: ವಯೋಮಿಂಗ್ ಆಗ ಇನ್ನೂ ರಾಜ್ಯವಾಗಿರಲಿಲ್ಲ, ಒಪ್ಪಿಸೋಣವೆಂದರೆ ಪಡೆಯುವ ಕೈ ಇರಲಿಲ್ಲ. ಇತ್ತ ಯೊಸೆಮಿಟಿಯ ಉಸ್ತುವಾರಿ ಕ್ಯಾಲಿಫೋರ್ನಿಯಾಕ್ಕೆ ಹೊರೆಯಾಗಿ, ಆಡಳಿತದ ಬಗ್ಗೆ ದೂರುಗಳು ಬೆಳೆದು, 1906ರಲ್ಲಿ ಕಣಿವೆ ಮರಳಿ ಕೇಂದ್ರದ ವಶವಾಯಿತು. ಸಾರ್ವಜನಿಕರ ಬಳಕೆಗೆ ಎಂದು ಕಾಯಿದೆ ಬರೆಯುವುದಕ್ಕೆ ಹದಿಮೂರು ವರ್ಷ ಮೊದಲೇ, 1851ರಲ್ಲಿ, ಸಶಸ್ತ್ರ ದಳವೊಂದು ಅಲ್ಲಿನ ಮೂಲನಿವಾಸಿಗಳಾದ ಅಹ್ವಾನೀಚಿ ಜನರನ್ನು ಕಣಿವೆಯಿಂದ ಹೊರಗಟ್ಟಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಆ ಲೆಕ್ಕ ಬಹುಕಾಲ ಯಾವ ಪುಸ್ತಕದಲ್ಲೂ ಜಮೆಯಾಗಲಿಲ್ಲ.

ನಯಾಗರದ ಕಥೆ ಹಣದ ವಿಷಯದಲ್ಲಿ ಇನ್ನಷ್ಟು ನೇರವಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಜಲಪಾತದ ಅಮೆರಿಕನ್ ಬದಿಯ ದಡವೆಲ್ಲ ಖಾಸಗಿಯವರ ಪಾಲಾಗಿತ್ತು. ಗಿರಣಿಗಳ ನಡುವೆ ಉಳಿದ ಜಾಗಕ್ಕೆ ಬೇಲಿ ಕಟ್ಟಿ, ಬೇಲಿಯಲ್ಲಿ ಕಿಂಡಿ ಬಿಟ್ಟು, ಆ ಕಿಂಡಿಯಲ್ಲಿ ಇಣುಕಿ ನೋಡುವುದಕ್ಕೂ ಕಾಸು ವಸೂಲು ಮಾಡುತ್ತಿದ್ದರು. ಭೂದೃಶ್ಯ ವಿನ್ಯಾಸಕಾರ ಫ್ರೆಡೆರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಸಂಗಡಿಗರು ನಡೆಸಿದ ಚಳವಳಿಯ ಫಲವಾಗಿ ನ್ಯೂಯಾರ್ಕ್ ರಾಜ್ಯ 14 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟು ಆ ನೆಲವನ್ನು ಕೊಂಡು, 1885ರ ಜುಲೈ 15ರಂದು ಬೇಲಿಗಳಿಲ್ಲದ ಜಲಪಾತವನ್ನು ಜನರಿಗೆ ಉಚಿತವಾಗಿ ತೆರೆಯಿತು. ಒಬ್ಬೊಬ್ಬ ಪ್ರವಾಸಿ ಬಿಡಿಬಿಡಿಯಾಗಿ ಕೊಡುತ್ತಿದ್ದ ಹಣವನ್ನು ರಾಜ್ಯದ ತೆರಿಗೆದಾರರೆಲ್ಲ ಸೇರಿ ಒಟ್ಟಿಗೆ ಕೊಟ್ಟದ್ದೇ ಇಲ್ಲಿನ ಹೊಸತನ. ಅದೇ ವರ್ಷ ಅದೇ ರಾಜ್ಯ ಆಡಿರಾಂಡಾಕ್ ಬೆಟ್ಟಗಳಲ್ಲಿ ಅರಣ್ಯ ಮೀಸಲನ್ನೂ ಘೋಷಿಸಿತು. ಅಲ್ಲಿ ಮರ ಉಳಿಸಬೇಕೆಂದು ಪಟ್ಟು ಹಿಡಿದವರಲ್ಲಿ ವ್ಯಾಪಾರಿಗಳೂ ಇದ್ದರು; ಕಾಡು ಬೋಳಾದರೆ ಈರಿ ಕಾಲುವೆಯಲ್ಲಿ ದೋಣಿ ಸಾಗಿಸಲು ನೀರಿರುವುದಿಲ್ಲ ಎಂಬ ಹೆದರಿಕೆ ಅವರದು. 1894ರಲ್ಲಿ ಆ ಸರ್ಕಾರಿ ಕಾಡು ಎಂದೆಂದಿಗೂ ಕಾಡಾಗಿಯೇ ಇರತಕ್ಕದ್ದು ಎಂಬ ಮಾತು ರಾಜ್ಯದ ಸಂವಿಧಾನವನ್ನೇ ಸೇರಿತು. ಕಾಲುವೆಯ ಸ್ವಾರ್ಥ ಇಷ್ಟು ಒಳ್ಳೆಯ ಕೆಲಸ ಮಾಡಿದ್ದು ಚರಿತ್ರೆಯಲ್ಲಿ ಅಪರೂಪವೇ ಸರಿ.

ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಆಸಕ್ತಿಯ ಜಾಗವೆಂದರೆ ಮಿನ್ನೆಸೋಟಾದ ಇಟಾಸ್ಕಾ. ಮಿಸಿಸಿಪ್ಪಿ ನದಿ ಹುಟ್ಟುವುದು ಅಲ್ಲಿನ ಸರೋವರದಲ್ಲಿ. 1832ರಲ್ಲಿ ಓಜಾವಿಂಡಿಬ್ ಎಂಬ ಆನಿಶಿನಾಬೆ ಮೂಲನಿವಾಸಿ ಮುಖಂಡ ದಾರಿ ತೋರಿಸಿ ಹೆನ್ರಿ ಸ್ಕೂಲ್‌ಕ್ರಾಫ್ಟ್‌ನನ್ನು ಅಲ್ಲಿಗೆ ಕರೆದೊಯ್ದ. ಶೋಧಿಸಿದ ಕೀರ್ತಿ ಮಾತ್ರ ಹಿಂದೆ ನಡೆದು ಬಂದವನಿಗೆ ಸಂದಿತು. ಶತಮಾನದ ಕೊನೆಯ ಹೊತ್ತಿಗೆ ಆ ಭಾಗದ ಪೈನ್ ಕಾಡುಗಳನ್ನು ನಾಟಾ ಕಂಪನಿಗಳು ಸರದಿಯಂತೆ ಕಡಿದು ಸಾಗಿಸುತ್ತಿದ್ದವು. ಜೇಕಬ್ ಬ್ರೌವರ್ ಎಂಬ ಸರ್ವೇಯರ್ ನದಿಮೂಲವನ್ನು ಅಳೆಯಲು ಹೋದವನು ಆ ಮರಗಳನ್ನು ಕಂಡು, ಇವನ್ನು ಉಳಿಸಲೇಬೇಕೆಂದು ಶಾಸನಸಭೆಯ ಬೆನ್ನು ಹತ್ತಿದ. 1891ರ ಏಪ್ರಿಲ್ 20ರಂದು ಒಂದೇ ಒಂದು ಮತದ ಅಂತರದಲ್ಲಿ ಮಸೂದೆ ಗೆದ್ದು ಇಟಾಸ್ಕಾ ಸ್ಟೇಟ್ ಪಾರ್ಕ್ ಹುಟ್ಟಿತು.

ಹುಟ್ಟಿತು ಎಂದರೆ ನಕ್ಷೆಯಲ್ಲಿ ಹುಟ್ಟಿತು. ಗಡಿಯೊಳಗಿನ ನೆಲದಲ್ಲಿ ಬಹುಭಾಗ ಖಾಸಗಿಯವರ ಕೈಯಲ್ಲಿತ್ತು. ಅದನ್ನು ಕೊಳ್ಳುವಷ್ಟು ಹಣವನ್ನು ಶಾಸನಸಭೆ ಕೊಡಲಿಲ್ಲ. ಹಾಗಾಗಿ ಪಾರ್ಕ್ ಆದ ಮೇಲೂ ವರ್ಷಾನುಗಟ್ಟಲೆ ಅದರೊಳಗೆ ಕೊಡಲಿ ನಿಲ್ಲಲಿಲ್ಲ. ಕಡಿದ ದಿಮ್ಮಿಗಳನ್ನು ನದಿಯಲ್ಲಿ ತೇಲಿಸಿಕೊಂಡು ಹೋಗಲು ನೀರು ಸಾಲದೆ ಕಂಪನಿಯೊಂದು ಒಡ್ಡು ಕಟ್ಟಿ ನೀರು ನಿಲ್ಲಿಸಿತು. ನೀರು ಏರಿ ದಡದ ಮರಗಳು ಬೇರು ಕೊಳೆತು ಸಾಯತೊಡಗಿದವು. 1903ರಲ್ಲಿ ಪಾರ್ಕ್‌ನ ಕಮಿಷನರ್ ಆಗಿದ್ದವರು ತೀರಿಕೊಂಡಾಗ ಅವರ ಮಗಳು, ಇಪ್ಪತ್ತನಾಲ್ಕು ವರ್ಷದ ಮೇರಿ ಗಿಬ್ಸ್, ಆ ಹುದ್ದೆಗೆ ಬಂದಳು. ತೂಬು ಎತ್ತಿ ನೀರು ಬಿಡಿ ಎಂದು ಆಕೆ ಆಜ್ಞೆ ಮಾಡಿದಾಗ ಕಂಪನಿಯವರು ಬಂದೂಕು ಹಿಡಿದು ಅಡ್ಡ ನಿಂತರು. ಆಕೆ ಹಿಂದೆ ಸರಿಯಲಿಲ್ಲ. ಆದರೆ ಕಂಪನಿಗೆ ಕೋರ್ಟು ಕಚೇರಿಗಳಲ್ಲಿ ಬೆಂಬಲವಿತ್ತು, ಆಕೆಗೆ ರಾಜಧಾನಿಯಲ್ಲಿ ಇರಲಿಲ್ಲ. ಕೆಲವೇ ತಿಂಗಳಲ್ಲಿ ಹುದ್ದೆ ಬೇರೊಬ್ಬರ ಪಾಲಾಯಿತು. ನದಿಮೂಲದ ಬಳಿಯ ಸಂದರ್ಶಕರ ಕೇಂದ್ರಕ್ಕೆ ಈಗ ಆಕೆಯ ಹೆಸರಿದೆ. ಅಂದು ನೆಲ ಕೊಳ್ಳಲು ಹಣ ಕೊಟ್ಟಿದ್ದರೆ ಆ ಬಂದೂಕಿನ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದು ನನ್ನ ತಕರಾರು.

ಇಟಾಸ್ಕಾದಲ್ಲಿ ಇಂದು ಎಲ್ಲರೂ ಮಾಡುವ ಕೆಲಸವೊಂದಿದೆ. ಸರೋವರದಿಂದ ನದಿ ಹೊರಡುವ ಕಡೆ ಒಂದು ಸಾಲು ಬಂಡೆಗಳಿವೆ. ಅವುಗಳ ಮೇಲೆ ಹೆಜ್ಜೆಯಿಡುತ್ತ ಮಿಸಿಸಿಪ್ಪಿಯನ್ನು ದಾಟುವುದು. ಪಕ್ಕದಲ್ಲಿ ನಿಲ್ಲಿಸಿರುವ ಮರದ ಕಂಬದ ಮೇಲೆ, ಸಮುದ್ರಮಟ್ಟದಿಂದ 1,475 ಅಡಿ ಎತ್ತರದ ಈ ಜಾಗದಿಂದ ಹೊರಟ ನದಿ 2,552 ಮೈಲಿ ಹರಿದು ಮೆಕ್ಸಿಕೋ ಕೊಲ್ಲಿಯನ್ನು ಸೇರುತ್ತದೆ ಎಂದು ಕೊರೆದು ಹಳದಿ ಬಣ್ಣ ತುಂಬಿದ್ದಾರೆ. ಚಿಕ್ಕ ಮಕ್ಕಳು ಬಂಡೆಯಿಂದ ಬಂಡೆಗೆ ನೆಗೆಯುತ್ತಾರೆ, ದೊಡ್ಡವರು ಜಾರಿ ಮೊಣಕಾಲಿನ ತನಕ ನೆನೆಯುತ್ತಾರೆ, ನೀರು ಅಡಿಯ ಉಸುಕು ಕಾಣುವಷ್ಟು ತಿಳಿ. ಪ್ರಕೃತಿಯೇ ಕೈಯಾರೆ ಜೋಡಿಸಿದಂತೆ ಕಾಣುವ ಈ ನದಿಮೂಲ ಮೊದಲು ಹೀಗಿರಲಿಲ್ಲ. ಅದೊಂದು ಜೌಗು, ನದಿ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲಾಗದಷ್ಟು ಕೆಸರು, ಜೊಂಡು. 1930ರ ದಶಕದಲ್ಲಿ ಜೌಗನ್ನು ಬಸಿದು, ಹೊಸ ಪಾತ್ರ ತೋಡಿ, ಸಣ್ಣ ಕಟ್ಟೆ ಹಾಕಿ, ಅದರ ಮೇಲೆ ಬಂಡೆಗಳನ್ನು ಕೂರಿಸಿದರು. ಬಂದವರಿಗೆ ನದಿಮೂಲವು ನದಿಮೂಲದಂತೆ ಕಾಣಬೇಕಲ್ಲವೇ? ಇದನ್ನು ತಿಳಿದ ಮೇಲೂ ನಾನು ಆ ಬಂಡೆಗಳ ಮೇಲೆ ನಡೆದೆ, ಸಂತೋಷವೂ ಆಯಿತು.

ಆ ದಶಕಕ್ಕೆ ಬರುವ ಮೊದಲು ಇನ್ನೆರಡು ಮಾತು. 1921ರ ಜನವರಿಯಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯ ಮೊದಲ ನಿರ್ದೇಶಕ ಸ್ಟೀಫನ್ ಮ್ಯಾಥರ್ ಅಯೋವಾದ ಡೆ ಮಾಯ್ನ್ ನಗರದಲ್ಲಿ ಸ್ಟೇಟ್ ಪಾರ್ಕ್‌ಗಳ ಸಮ್ಮೇಳನವನ್ನು ಕೂಡಿಸಿದ. ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಆಗ ಒಂದೇ ಒಂದು ಸ್ಟೇಟ್ ಪಾರ್ಕ್ ಇರಲಿಲ್ಲ. ಕೇಂದ್ರದ ಅಧಿಕಾರಿಗೆ ರಾಜ್ಯಗಳ ಮೇಲೇಕೆ ಈ ಅಕ್ಕರೆ ಎಂದರೆ, ಅದರಲ್ಲಿ ಲೆಕ್ಕಾಚಾರವಿತ್ತು. ಪ್ರತಿಯೊಬ್ಬ ಸಂಸದನೂ ತನ್ನ ಕ್ಷೇತ್ರದ ಗುಡ್ಡವನ್ನು ರಾಷ್ಟ್ರೀಯ ಉದ್ಯಾನ ಮಾಡಿ ಎಂದು ದುಂಬಾಲು ಬೀಳುತ್ತಿದ್ದ ಕಾಲವದು. ಆ ಅರ್ಜಿಗಳನ್ನು ಮರ್ಯಾದೆಯಿಂದ ದಾಟಿಸಲು ಎರಡನೆಯ ಬಾಗಿಲೊಂದು ಬೇಕಿತ್ತು. ಅಷ್ಟರಲ್ಲಿ ಮೋಟಾರು ಕಾರುಗಳು ಮಧ್ಯಮ ವರ್ಗದವರ ಮನೆಗೂ ಬಂದಿದ್ದವು, ಒಂದು ದಿನದ ಪ್ರಯಾಣದಲ್ಲಿ ತಲುಪಬಹುದಾದ ಕಾಡು ಎಲ್ಲರಿಗೂ ಬೇಕಾಗಿತ್ತು. 1928ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪಾರ್ಕ್‌ಗಳಿಗಾಗಿ 60 ಲಕ್ಷ ಡಾಲರ್ ಸಾಲಪತ್ರಗಳಿಗೆ ಭಾರೀ ಬಹುಮತದಿಂದ ಒಪ್ಪಿಗೆ ಕೊಟ್ಟರು. ಸರ್ಕಾರ ಹಾಕುವ ಪ್ರತಿ ಡಾಲರಿಗೆ ಸಮನಾಗಿ ದಾನಿಗಳಿಂದ ಇನ್ನೊಂದು ಡಾಲರ್ ಬರಬೇಕೆಂಬ ನಿಯಮದಿಂದಾಗಿ ರೆಡ್‌ವುಡ್ ಎಂಬ ಹೆಮ್ಮರಗಳ ತೋಪುಗಳು ಒಂದೊಂದಾಗಿ ಉಳಿದುಕೊಂಡವು.

ಸರ್ಕಾರವನ್ನು ಕಾಯದೆ ತಾವೇ ಕೊಂಡು ಕೊಟ್ಟ ಶ್ರೀಮಂತರೂ ಇದ್ದರು. ಮೇಯ್ನ್ ರಾಜ್ಯದ ಗವರ್ನರ್ ಆಗಿದ್ದಾಗ ಕಟಾಡಿನ್ ಪರ್ವತವನ್ನು ಪಾರ್ಕ್ ಮಾಡಿ ಎಂದು ಶಾಸನಸಭೆಯನ್ನು ಒಪ್ಪಿಸಲಾಗದೆ ಸೋತ ಪರ್ಸಿವಲ್ ಬ್ಯಾಕ್ಸ್‌ಟರ್, ಅಧಿಕಾರ ಮುಗಿದ ಮೇಲೆ ಸ್ವಂತ ಹಣದಿಂದ ಆ ಪರ್ವತವನ್ನು ಕೊಂಡು 1931ರಲ್ಲಿ ರಾಜ್ಯಕ್ಕೆ ಕೊಟ್ಟ. ಅಲ್ಲಿಗೇ ನಿಲ್ಲದೆ ಮೂವತ್ತು ವರ್ಷ ತುಂಡು ತುಂಡಾಗಿ ಕೊಳ್ಳುತ್ತ, ಎರಡು ಲಕ್ಷ ಎಕರೆಯಷ್ಟು ಕೂಡಿಸಿ, ನಿರ್ವಹಣೆಗೆಂದು ಇಡುಗಂಟನ್ನೂ ಬಿಟ್ಟುಹೋದ. ಕಾಡು ಕಾಡಾಗಿಯೇ ಇರಬೇಕು ಎಂಬ ಅವನ ಷರತ್ತು ಇಂದಿಗೂ ನಡೆಯುತ್ತಿದೆ, ಮುಖ್ಯವಾಗಿ ಆ ಇಡುಗಂಟಿನ ದೆಸೆಯಿಂದ.

ಆದರೂ ಸ್ಟೇಟ್ ಪಾರ್ಕ್‌ಗಳಿಗೆ ಇಂದಿನ ರೂಪ ಕೊಟ್ಟದ್ದು ದಾನಿಗಳಲ್ಲ, ಮಹಾ ಆರ್ಥಿಕ ಕುಸಿತ. 1933ರಲ್ಲಿ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಆರಂಭಿಸಿದ ಸಿವಿಲಿಯನ್ ಕನ್ಸರ್ವೇಷನ್ ಕೋರ್, ಚುಟುಕಾಗಿ ಸಿಸಿಸಿ, ಕೆಲಸವಿಲ್ಲದ ಯುವಕರನ್ನು ಶಿಬಿರಗಳಲ್ಲಿಟ್ಟು ಕಾಡಿನ ಕೆಲಸಕ್ಕೆ ಹಚ್ಚಿತು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. 1942ರಲ್ಲಿ ಮುಗಿಯುವ ತನಕ ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದರು. ಕೂಲಿ ಕೇಂದ್ರದ್ದು, ನೆಲ ರಾಜ್ಯದ್ದು ಎಂಬ ಈ ಏರ್ಪಾಟನ್ನು ಕಂಡ ಕೂಡಲೇ, ಅಲ್ಲಿಯವರೆಗೆ ಪಾರ್ಕ್ ಎಂಬ ಮಾತನ್ನೇ ಎತ್ತದ ರಾಜ್ಯಗಳೂ ನೆಲ ಹುಡುಕತೊಡಗಿದವು. ವರ್ಜೀನಿಯಾ 1936ರ ಜೂನ್ 15ರಂದು ಒಂದೇ ದಿನ ಆರು ಸ್ಟೇಟ್ ಪಾರ್ಕ್‌ಗಳನ್ನು ತೆರೆಯಿತು.

ಸಿಸಿಸಿ ಹುಡುಗರ ಕೈಕೆಲಸವನ್ನು ಗುರುತಿಸಲು ಫಲಕವೇನೂ ಬೇಕಿಲ್ಲ. ಕಲ್ಲು ಆ ಗುಡ್ಡದ್ದೇ, ಮರ ಆ ಕಾಡಿನದೇ. ಗೋಡೆಯ ತಳದಲ್ಲಿ ದೊಡ್ಡ ಬಂಡೆಗಳು, ಮೇಲೇರಿದಂತೆ ಚಿಕ್ಕವು, ಗಾರೆಯನ್ನು ಒಳಕ್ಕೆ ಒತ್ತಿ ಕಲ್ಲಿನ ಅಂಚು ಮಾತ್ರ ಎದ್ದು ಕಾಣುವಂತೆ ಬಿಟ್ಟಿರುತ್ತಾರೆ. ಬಾಗಿಲಿನ ಕಬ್ಬಿಣದ ತಿರುಗಣಿಯನ್ನೂ ಶಿಬಿರದ ಕುಲುಮೆಯಲ್ಲಿಯೇ ಬಡಿದಿರುತ್ತಾರೆ, ಸುತ್ತಿಗೆಯ ಪೆಟ್ಟು ಬಿದ್ದ ಗುರುತುಗಳನ್ನು ಬೆರಳಿನಿಂದ ಸವರಿ ನೋಡಬಹುದು. ಇಟಾಸ್ಕಾದಲ್ಲಿ 1934ರಲ್ಲಿ ಕಟ್ಟಿದ ಮರದ ಮನೆಯೊಂದರ ದಿಮ್ಮಿಗಳು ಎಷ್ಟು ದಪ್ಪವೆಂದರೆ, ಕೆಲವೇ ದಿಮ್ಮಿಗಳನ್ನು ಒಂದರ ಮೇಲೊಂದು ಇಡುವಷ್ಟರಲ್ಲಿ ಗೋಡೆ ಮುಗಿದುಹೋಗಿದೆ. ಟೆಕ್ಸಸ್‌ನ ಡೇವಿಸ್ ಮೌಂಟನ್ಸ್‌ನಲ್ಲಿ ಮರವೂ ದುರ್ಲಭ, ಹಾಗಾಗಿ ಹಸಿ ಇಟ್ಟಿಗೆಯಲ್ಲೇ ಇಂಡಿಯನ್ ಲಾಡ್ಜ್ ಎಂಬ ವಸತಿಗೃಹವನ್ನು ಎಬ್ಬಿಸಿದರು. ಜನ ಈಗಲೂ ಅದರಲ್ಲಿ ತಂಗುತ್ತಾರೆ. ಯಂತ್ರದಿಂದ ಬೇಗ ಮುಗಿಸಬಹುದಾದದ್ದನ್ನು ಕೈಯಿಂದ ನಿಧಾನವಾಗಿ ಮಾಡಿಸುವುದೇ ಆ ಯೋಜನೆಯ ಉದ್ದೇಶವಾಗಿತ್ತು, ಏಕೆಂದರೆ ಕೊಡಬೇಕಾಗಿದ್ದದ್ದು ಕೆಲಸವನ್ನು. ಇಷ್ಟು ಚಂದದ ಸರ್ಕಾರಿ ಕಟ್ಟಡಗಳು ಮತ್ತೆ ಏಳದಿರುವುದಕ್ಕೂ ಕಾರಣ ಅದೇ ಎಂದು ನನ್ನ ಭಾವನೆ. ಕ್ಯಾಲಿಫೋರ್ನಿಯಾದ ಮೊದಲ ರೆಡ್‌ವುಡ್ ಪಾರ್ಕ್ ಆದ ಬಿಗ್ ಬೇಸಿನ್‌ನಲ್ಲಿದ್ದ ಅಂಥದೇ ಮುಖ್ಯ ಕಚೇರಿ 2020ರ ಆಗಸ್ಟ್‌ನ ಕಾಳ್ಗಿಚ್ಚಿನಲ್ಲಿ ಬೂದಿಯಾಯಿತು. ಸುಟ್ಟು ಕರಕಲಾಗಿ ನಿಂತ ರೆಡ್‌ವುಡ್ ಮರಗಳು ಮಾತ್ರ ಕಾಂಡದ ಉದ್ದಕ್ಕೂ ಚಿಗುರೊಡೆದವು.

ಈ ಶಿಬಿರಗಳಲ್ಲಿ ಕಪ್ಪು ವರ್ಣೀಯ ಯುವಕರಿಗೆ ಬೇರೆ ತುಕಡಿಗಳಿದ್ದವು. ದಕ್ಷಿಣದ ರಾಜ್ಯಗಳಲ್ಲಿ, ಅವರ ಕೈಯಿಂದಲೇ ಕಟ್ಟಿಸಿದ ಪಾರ್ಕ್‌ಗಳಿಗೆ ಅವರಿಗೇ ಪ್ರವೇಶವಿರಲಿಲ್ಲ. ಇಲ್ಲಿ ನನ್ನ ಪ್ರಶ್ನೆ ಇನ್ನೂ ಮೊನಚಾಗುತ್ತದೆ, ಏಕೆಂದರೆ ತೆರಿಗೆ ಕಟ್ಟುವಾಗ ಯಾರೂ ಅವರ ಬಣ್ಣ ನೋಡುತ್ತಿರಲಿಲ್ಲ. 1948ರಲ್ಲಿ ಕಪ್ಪು ವರ್ಣೀಯ ಬ್ಯಾಂಕರ್ ಕಾನ್ರಾಡ್ ಮಾರ್ಟಿನ್‌ಗೆ ವರ್ಜೀನಿಯಾದ ಸ್ಟಾಂಟನ್ ರಿವರ್ ಪಾರ್ಕ್‌ನಲ್ಲಿ ಪ್ರವೇಶ ನಿರಾಕರಿಸಿದಾಗ ಅವರು ಮೊಕದ್ದಮೆ ಹೂಡಿದರು; ಉತ್ತರವಾಗಿ ರಾಜ್ಯ ಬಾಗಿಲು ತೆರೆಯುವ ಬದಲು ಕಪ್ಪು ವರ್ಣೀಯರಿಗೆಂದೇ ಪ್ರತ್ಯೇಕ ಪಾರ್ಕ್ ಒಂದನ್ನು 1950ರಲ್ಲಿ ತೆರೆಯಿತು. ದಕ್ಷಿಣ ಕ್ಯಾರೊಲೈನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಡಿಸ್ಟೊ ಬೀಚ್ ಪಾರ್ಕ್ ಕುರಿತು ದಾವೆ ಬಿದ್ದಾಗ 1956ರಲ್ಲಿ ಆ ಪಾರ್ಕನ್ನೇ ಮುಚ್ಚಿತು; 1963ರಲ್ಲಿ ಎಲ್ಲ ಪಾರ್ಕ್‌ಗಳನ್ನೂ ಎಲ್ಲರಿಗೂ ತೆರೆಯಿರಿ ಎಂದು ಕೋರ್ಟು ಆದೇಶಿಸಿದಾಗ ಎಲ್ಲವನ್ನೂ ಮುಚ್ಚಿಬಿಟ್ಟಿತು. ಮರುವರ್ಷ ಕೆಲವು ತೆರೆದವಾದರೂ ಈಜುವಂತಿಲ್ಲ, ಕ್ಯಾಬಿನ್‌ಗಳಲ್ಲಿ ತಂಗುವಂತಿಲ್ಲ. ಪೂರ್ತಿ ತೆರೆದದ್ದು 1966ರಲ್ಲಿ. ಒಂದೇ ಕೊಳದಲ್ಲಿ ಈಜುವುದನ್ನು ತಪ್ಪಿಸಲು ತನ್ನ ಜನರೆಲ್ಲರಿಗೂ ಕೊಳವನ್ನೇ ನಿರಾಕರಿಸಿದ ಸರ್ಕಾರವದು. ಪಾರ್ಕ್‌ಗಳ ಕುರಿತ ಬಣ್ಣದ ಪ್ರಚಾರ ಪತ್ರಗಳಲ್ಲಿ ಈ ಅಧ್ಯಾಯ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ಎಷ್ಟೋ ಕಡೆ ಅಷ್ಟೂ ಇರುವುದಿಲ್ಲ.

ವನ್ಯಜೀವಿಗಳ ವಿಷಯಕ್ಕೆ ಬಂದರೆ ಹಣದ ಮೂಲ ಬೇರೆ. ಅಮೆರಿಕದ ಕಾನೂನಿನ ಪ್ರಕಾರ ಕಾಡುಪ್ರಾಣಿ ನೆಲದ ಒಡೆಯನ ಸೊತ್ತಲ್ಲ. ಜನರ ಪರವಾಗಿ ರಾಜ್ಯ ಅದರ ಧರ್ಮದರ್ಶಿ. ಕೇಳಲು ಬಹಳ ಚೆನ್ನಾಗಿದೆ, ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಧರ್ಮದರ್ಶಿಯ ಕಣ್ಣೆದುರಿಗೇ ಮಾರುಕಟ್ಟೆಗಾಗಿ ಬೇಟೆಯಾಡುವವರು ಕಾಡುಗಳನ್ನು ಬರಿದು ಮಾಡಿದರು. ಆಕಾಶ ಕಪ್ಪಾಗುವಷ್ಟು ದೊಡ್ಡ ಹಿಂಡುಗಳಲ್ಲಿ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ, ಮಾರ್ಥಾ, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಬಿಳಿಬಾಲದ ಜಿಂಕೆಗಳು ಶತಮಾನದ ತಿರುವಿನಲ್ಲಿ ಐದು ಲಕ್ಷದ ಆಸುಪಾಸಿಗೆ ಇಳಿದಿದ್ದವು. ಒಂದು ರಾಜ್ಯದಲ್ಲಿ ಕಾನೂನು ಮುರಿದು ಕೊಂದದ್ದನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವುದನ್ನು 1900ರ ಲೇಸಿ ಕಾಯಿದೆ ಅಪರಾಧವೆಂದು ಸಾರಿ ಮಾರುಕಟ್ಟೆಯ ಬೇಟೆಯ ಬೆನ್ನು ಮುರಿಯಿತು. ಬೇಟೆಗೆ ಋತು, ಮಿತಿ, ಪರವಾನಗಿಗಳು ಬಂದವು. ಪರವಾನಗಿಯ ಶುಲ್ಕದಿಂದ ಅರಣ್ಯ ರಕ್ಷಕರ ಸಂಬಳ ನಡೆಯತೊಡಗಿತು.

ತೊಂದರೆ ಏನೆಂದರೆ, ಹಾಗೆ ಬಂದ ಹಣವನ್ನು ರಾಜ್ಯಗಳು ರಸ್ತೆ ಮುಂತಾದ ಬೇರೆ ಖರ್ಚಿಗೆ ತಿರುಗಿಸುತ್ತಿದ್ದವು. 1937ರ ಸೆಪ್ಟೆಂಬರ್ 2ರಂದು ಅಧ್ಯಕ್ಷರ ಸಹಿ ಬಿದ್ದ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ ಈ ಬಾಗಿಲನ್ನು ಮುಚ್ಚಿದ ಬಗೆ ಜಾಣತನದ್ದು. ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲೆ ತಯಾರಕರು ಕಟ್ಟುವ ಶೇ. 11ರ ಸುಂಕವನ್ನು ಖಜಾನೆಯಲ್ಲಿ ಬೆರೆಸದೆ ವನ್ಯಜೀವಿಗಳ ಕೆಲಸಕ್ಕೆ ರಾಜ್ಯಗಳಿಗೆ ಹಂಚಬೇಕು. ಅರ್ಧ ಪಾಲು ರಾಜ್ಯದ ವಿಸ್ತೀರ್ಣ ನೋಡಿ, ಅರ್ಧ ಪಾಲು ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆ ನೋಡಿ. ಯೋಜನೆಯೊಂದರ ಮುಕ್ಕಾಲು ಭಾಗವನ್ನು ಈ ನಿಧಿ ಕೊಟ್ಟರೆ ಕಾಲು ಭಾಗವನ್ನು ರಾಜ್ಯ ಹಾಕಬೇಕು. ಆದರೆ ಪರವಾನಗಿಯ ಹಣವನ್ನು ಬೇರೆಡೆ ತಿರುಗಿಸುವ ರಾಜ್ಯಕ್ಕೆ ಚಿಕ್ಕಾಸೂ ಇಲ್ಲ. ಒಂದೊಂದಾಗಿ ಎಲ್ಲ ರಾಜ್ಯಗಳೂ ತಮ್ಮ ಕಾನೂನು ತಿದ್ದಿಕೊಂಡವು. ಗದರಿಸದೆ, ಕೇವಲ ಹಣದ ಆಸೆಯಿಂದ ಇಷ್ಟು ಸರ್ಕಾರಗಳನ್ನು ಸಾಲಿನಲ್ಲಿ ನಿಲ್ಲಿಸಿದ ಕಾನೂನು ನನಗೆ ಬೇರೆ ಗೊತ್ತಿಲ್ಲ.

ಆ ಹಣದ ಕೆಲಸಕ್ಕೆ ಟರ್ಕಿ ಕೋಳಿಯೇ ಸಾಕ್ಷಿ. 1930ರ ದಶಕದ ಹೊತ್ತಿಗೆ ಕಾಡಿನ ಟರ್ಕಿಗಳು ಎರಡು ಲಕ್ಷಕ್ಕಿಂತಲೂ ಕಡಿಮೆಯಾಗಿದ್ದವು. ಇಲಾಖೆಗಳು ಮೊದಲು ಮಾಡಿದ್ದು ಸುಲಭದ ಕೆಲಸ: ಗೂಡಿನಲ್ಲಿ ಸಾಕಿದ ಕೋಳಿಗಳನ್ನು ಕಾಡಿಗೆ ಬಿಟ್ಟರು. ತಾಯಿಯ ಹಿಂದೆ ತಿರುಗಿ ಭಯವನ್ನು ಕಲಿಯದ ಆ ಹಕ್ಕಿಗಳು ನರಿಗಳಿಗೆ ಊಟವಾದವು. ಕಾಡಿನ ಹಕ್ಕಿಯನ್ನೇ ಹಿಡಿದು ಬೇರೆ ಕಾಡಿಗೆ ಸಾಗಿಸೋಣವೆಂದರೆ ಅದು ಕೈಗೆ ಸಿಗುವ ಪ್ರಾಣಿಯಲ್ಲ. 1950ರ ದಶಕದಲ್ಲಿ ಇದಕ್ಕೆ ಫಿರಂಗಿ ಬಲೆ ಒದಗಿಬಂತು. ಬಯಲಿನಲ್ಲಿ ಜೋಳ ಚೆಲ್ಲಿ, ಮಡಿಸಿದ ಬಲೆಯನ್ನು ಹುಲ್ಲಿನಲ್ಲಿ ಮರೆಮಾಡಿ, ಅದರ ಅಂಚಿಗೆ ಸಣ್ಣ ಫಿರಂಗಿಗಳ ಗುಂಡುಗಳನ್ನು ಕಟ್ಟಿಡುತ್ತಾರೆ. ದೂರದ ಮರೆಯಲ್ಲಿ ಕುಳಿತವನು ಹಿಂಡು ತಲೆ ತಗ್ಗಿಸಿ ಮೇಯುವ ಕ್ಷಣ ನೋಡಿ ಗುಂಡಿ ಒತ್ತಿದರೆ ಢಮ್ಮೆಂದು ಬಲೆ ಹಾರಿ ಹಿಂಡಿನ ಮೇಲೆ ಬೀಳುತ್ತದೆ. ತಲೆ ಎತ್ತಿರುವಾಗ ಹಾರಿಸಿದರೆ ಹಕ್ಕಿಗೆ ಪೆಟ್ಟಾಗುತ್ತದೆ, ಆದ್ದರಿಂದ ಗಂಟೆಗಟ್ಟಲೆ ಕಾಯಬೇಕು. ಹೀಗೆ ಹಿಡಿದು, ರಟ್ಟಿನ ಪೆಟ್ಟಿಗೆಗಳಲ್ಲಿ ಸಾಗಿಸಿ, ರಾಜ್ಯ ರಾಜ್ಯಗಳ ನಡುವೆ ವಿನಿಮಯ ಮಾಡಿಕೊಂಡು ಬೆಳೆಸಿದ ಟರ್ಕಿಗಳು ಇಂದು ಸುಮಾರು 60 ಲಕ್ಷ. ಜಿಂಕೆಗಳಂತೂ ಮೂರು ಕೋಟಿಯ ಹತ್ತಿರ ಬೆಳೆದು, ಅನೇಕ ಕಡೆ ಕಾಡಿನ ಎಳೆಗಿಡಗಳೆಲ್ಲ ಅವುಗಳ ಬಾಯಿಗೇ ಹೋಗುವಂತಾಗಿದೆ.

ಬೇಟೆಗಾರರ ಹಣ ಜಿಂಕೆ, ಟರ್ಕಿ, ಬಾತುಗಳನ್ನು ಉಳಿಸಿತು ಎಂಬುದರಲ್ಲಿ ಅನುಮಾನವಿಲ್ಲ, ಇದನ್ನು ಒಪ್ಪಲು ಹಿಂಜರಿಯುವ ಪ್ರಾಣಿಪ್ರಿಯರ ಬಗ್ಗೆ ನನಗೆ ಸಹನೆ ಕಡಿಮೆ. ಆದರೆ ಬೇಟೆಗೆ ಬಾರದ ಕಪ್ಪೆ, ಹಲ್ಲಿ, ಬಾವಲಿ, ಸಣ್ಣ ಹಾಡುಹಕ್ಕಿಗಳಿಗೆ ಈ ಖಾತೆಯಲ್ಲಿ ಸಿಕ್ಕಿದ್ದು ಅಲ್ಪ ಎಂಬುದೂ ಅಷ್ಟೇ ನಿಜ. ಈಗ ಬೇಟೆಯಾಡುವವರು ಸುಮಾರು 1.4 ಕೋಟಿಯಷ್ಟಿದ್ದರೆ, ಹಕ್ಕಿ ನೋಡುವವರು, ಫೋಟೋ ತೆಗೆಯುವವರು, ಪ್ರಾಣಿಗಳಿಗಾಗಿ ಕಾಳು ಚೆಲ್ಲುವವರು ಅದರ ಹತ್ತು ಪಟ್ಟು ಇದ್ದಾರೆ; ಬೈನಾಕ್ಯುಲರ್ ಮೇಲೆ ಅಂಥ ಸುಂಕ ಹಾಕುವ ಪ್ರಯತ್ನಗಳು ಮಾತ್ರ ಗೆದ್ದಿಲ್ಲ. ಇತ್ತ ಈಚಿನ ವರ್ಷಗಳಲ್ಲಿ ಬಂದೂಕು ಸುಂಕದ ನಿಧಿ ವರ್ಷಕ್ಕೆ 100 ಕೋಟಿ ಡಾಲರ್ ದಾಟಿದೆ. ಅದರಲ್ಲಿ ದೊಡ್ಡ ಪಾಲು ಬೇಟೆಗಲ್ಲದೆ ಆತ್ಮರಕ್ಷಣೆಗೂ ಗುರಿ ಅಭ್ಯಾಸಕ್ಕೂ ಕೊಂಡ ಬಂದೂಕುಗಳದ್ದು. ಊರಿನ ಭಯ ಹೆಚ್ಚಿದಷ್ಟೂ ಕಾಡಿನ ಕೋಳಿಗೆ ಅನುಕೂಲ ಎಂಬ ವಿಚಿತ್ರ ಲೆಕ್ಕ ಇದು.

ಪ್ರಾಣಿಯೇ ಪಾರ್ಕ್‌ನ ಖರ್ಚು ತೂಗಿಸುವ ಉದಾಹರಣೆ ದಕ್ಷಿಣ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕ್. 1914ರಲ್ಲಿ ರಾಜ್ಯ ಅಲ್ಲಿಗೆ 36 ಬೈಸನ್‌ಗಳನ್ನು ಸ್ಕಾಟಿ ಫಿಲಿಪ್ ಎಂಬ ದನಗಾರನ ಹಿಂಡಿನಿಂದ ಕೊಂಡು ತಂದಿತು. ಈಗ ಪ್ರತಿ ಸೆಪ್ಟೆಂಬರಿನ ಕೊನೆಯಲ್ಲಿ ಕುದುರೆ ಸವಾರರು ಸಾವಿರಕ್ಕೂ ಹೆಚ್ಚು ಬೈಸನ್‌ಗಳನ್ನು ಬಯಲಿನಿಂದ ದೊಡ್ಡಿಗಳಿಗೆ ಅಟ್ಟುತ್ತಾರೆ. ಲಸಿಕೆ ಹಾಕಿ, ಹುಲ್ಲುಗಾವಲು ತಾಳುವಷ್ಟನ್ನು ಉಳಿಸಿಕೊಂಡು, ಮಿಕ್ಕವನ್ನು ಹರಾಜು ಹಾಕುತ್ತಾರೆ, ಆ ಹಣ ಪಾರ್ಕ್‌ಗೆ. ವ್ಯವಸ್ಥೆ ಅಚ್ಚುಕಟ್ಟು. ಆದರೆ ಪಾರ್ಕ್ ಇರುವ ಬ್ಲ್ಯಾಕ್ ಹಿಲ್ಸ್ 1868ರ ಒಪ್ಪಂದದಲ್ಲಿ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಬಿಟ್ಟುಕೊಟ್ಟ ನೆಲ. ಪಾರ್ಕ್ ಹೊತ್ತಿರುವ ಹೆಸರು 1874ರಲ್ಲಿ ಅಲ್ಲಿಗೆ ಸೈನ್ಯದೊಡನೆ ನುಗ್ಗಿ ಚಿನ್ನದ ಸುದ್ದಿ ಹಬ್ಬಿಸಿದವನದು. ನೆಲ ಕಿತ್ತುಕೊಂಡದ್ದಕ್ಕೆ ಪರಿಹಾರ ಕೊಡಬೇಕೆಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಲಕೋಟಾ ಜನ ಆ ಹಣವನ್ನು ಮುಟ್ಟಿಲ್ಲ. ಅವರು ಕೇಳಿದ್ದು ನೆಲವನ್ನು.

ಕಾಡು ಎಲ್ಲರದಾದರೆ ಹಣವನ್ನೂ ಎಲ್ಲರೂ ಕೊಡಬೇಕು ಎಂಬ ಸರಳ ಮಾತನ್ನು ಮೊದಲು ಗಟ್ಟಿಯಾಗಿ ಹಿಡಿದದ್ದು ಮಿಸೌರಿ. 1976ರಲ್ಲಿ ಅಲ್ಲಿನ ಮತದಾರರು ವನ್ಯಜೀವಿ ಮತ್ತು ಅರಣ್ಯಕ್ಕಾಗಿ ಮಾರಾಟ ತೆರಿಗೆಯಲ್ಲಿ ಶೇಕಡಾ ಒಂದರ ಎಂಟನೆಯ ಒಂದು ಭಾಗವನ್ನು ಎತ್ತಿಟ್ಟರು. 1984ರಲ್ಲಿ ಪಾರ್ಕ್ ಮತ್ತು ಮಣ್ಣಿನ ಸಂರಕ್ಷಣೆಗೆ ಹತ್ತನೆಯ ಒಂದು ಭಾಗವನ್ನು ಸೇರಿಸಿದರು. ಅಲ್ಲಿನ ಸ್ಟೇಟ್ ಪಾರ್ಕ್‌ಗಳಿಗೆ ಪ್ರವೇಶ ಶುಲ್ಕವಿಲ್ಲ. 2008ರಲ್ಲಿ ಮಿನ್ನೆಸೋಟಾ ಇದನ್ನೇ ಸಂವಿಧಾನದಲ್ಲಿ ಬರೆಯಿತು: ಮಾರಾಟ ತೆರಿಗೆಯ ಮೇಲೆ ಶೇಕಡಾ ಒಂದರ ಎಂಟನೆಯ ಮೂರು ಭಾಗ ಹೆಚ್ಚುವರಿ, ಇಪ್ಪತ್ತೈದು ವರ್ಷಗಳ ಅವಧಿಗೆ, ಅದರಲ್ಲಿ ಶೇ. 33 ವನ್ಯಜೀವಿಗಳ ನೆಲೆ ಕಾಯುವ ಬಯಲು ಪರಂಪರೆಯ ನಿಧಿಗೆ, ಶೇ. 33 ನೀರಿಗೆ, ಶೇ. 19.75 ಕಲೆ ಸಂಸ್ಕೃತಿಗೆ, ಶೇ. 14.25 ಪಾರ್ಕ್ ಮತ್ತು ಕಾಲುದಾರಿಗಳಿಗೆ. ಬಾತು ಹೊಡೆಯುವವರೂ ನಾಟಕ ನೋಡುವವರೂ ಒಂದೇ ಪ್ರಶ್ನೆಗೆ ಹೌದು ಎನ್ನುವಂತೆ ಈ ಹಂಚಿಕೆಯನ್ನು ಹೆಣೆದ ರಾಜಕಾರಣವೂ ಸಣ್ಣದಲ್ಲ. ಆ ತೆರಿಗೆ 2034ರಲ್ಲಿ ಮುಗಿಯುತ್ತದೆ.

ಅದೇ ರಾಜ್ಯದಲ್ಲಿ ಈಚೆಗೆ ನಡೆದ ಇನ್ನೊಂದು ಘಟನೆ ಈ ಲೆಕ್ಕಗಳ ಆಚೆಗಿನದು. ನೈರುತ್ಯ ಮಿನ್ನೆಸೋಟಾದಲ್ಲಿ ಅಪ್ಪರ್ ಸೂ ಏಜೆನ್ಸಿ ಎಂಬ ಸ್ಟೇಟ್ ಪಾರ್ಕ್ ಇತ್ತು. 1851ರ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟ ಡಕೋಟಾ ಮೂಲನಿವಾಸಿ ಜನರಿಗೆ ಸರ್ಕಾರ ಕೊಡಬೇಕಿದ್ದ ಹಣ ಮತ್ತು ಆಹಾರವನ್ನು ಹಂಚುತ್ತಿದ್ದ ಕಚೇರಿಗಳಲ್ಲಿ ಒಂದು ಆ ಜಾಗದಲ್ಲಿತ್ತು. 1862ರ ಬೇಸಗೆಯಲ್ಲಿ ಹಣ ಬರಲಿಲ್ಲ, ಉಗ್ರಾಣದಲ್ಲಿ ಧಾನ್ಯವಿದ್ದರೂ ಕೊಡಲು ಹಿಂದೆಮುಂದೆ ನೋಡಿದರು, ಹಸಿವು ಯುದ್ಧವಾಯಿತು. ಆ ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು, ಮರುವರ್ಷ ಉಳಿದವರನ್ನು ರಾಜ್ಯದಿಂದಲೇ ಹೊರಗಟ್ಟಿದರು. ನೂರು ವರ್ಷಗಳ ಬಳಿಕ, 1963ರಲ್ಲಿ, ಅದೇ ನೆಲ ಪಾರ್ಕ್ ಆಯಿತು. ಡೇರೆ ಹೂಡಲು, ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಜನ ಬರತೊಡಗಿದರು. ಅಲ್ಲಿ ಹೂತಿರುವ ತಮ್ಮ ಹಿರಿಯರ ಸಮಾಧಿಗಳನ್ನು ಕಾಣಲು ಬರುವ ಡಕೋಟಾ ಜನರೂ ರಾಜ್ಯಕ್ಕೆ ಶುಲ್ಕ ಕಟ್ಟಬೇಕಾಗಿತ್ತು.

ಆ ಶುಲ್ಕವನ್ನು ಮನ್ನಾ ಮಾಡಿ ಕೈತೊಳೆದುಕೊಳ್ಳುವುದು ಸುಲಭವಿತ್ತು, ಆದರೆ ಸಮುದಾಯ ವರ್ಷಗಳಿಂದ ಕೇಳುತ್ತಿದ್ದದ್ದು ನೆಲವನ್ನೇ. 2023ರಲ್ಲಿ ಶಾಸನಸಭೆ ಅದಕ್ಕೆ ಒಪ್ಪಿತು. ಸುತ್ತಲಿನ ಕೆಲವರು ಪ್ರವಾಸಿಗರು ತಪ್ಪಿ ವ್ಯಾಪಾರ ಕುಂದುತ್ತದೆ, ನಮ್ಮ ಮಕ್ಕಳಿಗೆ ಹತ್ತಿರದ ಪಾರ್ಕ್ ಇಲ್ಲವಾಗುತ್ತದೆ ಎಂದು ವಿರೋಧಿಸಿದರು. ಆ ನಷ್ಟ ಸುಳ್ಳಲ್ಲ, ಬೇರೆ ಕಡೆ ಪಾರ್ಕ್ ಮಾಡಿಕೊಟ್ಟು ಅದನ್ನು ತುಂಬಿಕೊಡಲು ಸರ್ಕಾರಕ್ಕೆ ಸಾಧ್ಯವಿದೆ. ಸಮಾಧಿಗಳನ್ನು ಬೇರೆ ಕಡೆ ಮಾಡಿಕೊಡಲು ಬರುವುದಿಲ್ಲವಾದ್ದರಿಂದ ನನಗೆ ಈ ವಾದದಲ್ಲಿ ಎರಡೂ ತಕ್ಕಡಿ ಸಮವೆಂದು ಕಾಣಲಿಲ್ಲ. 2024ರ ಫೆಬ್ರವರಿಯಲ್ಲಿ ಪಾರ್ಕ್ ಸಾರ್ವಜನಿಕರಿಗೆ ಮುಚ್ಚಿತು, ಮಾರ್ಚ್‌ನಲ್ಲಿ ಸಾವಿರಕ್ಕೂ ಹೆಚ್ಚು ಎಕರೆಯ ಆ ನೆಲ ಡಕೋಟಾ ಜನರ ಅಪ್ಪರ್ ಸೂ ಸಮುದಾಯದ ಹೆಸರಿಗೆ ವರ್ಗವಾಯಿತು.